ಸಾಲಿನ ಕೆಳಗೆ

ನೆಲಬಾಂಬು ಅಗೆದು ತೆಗೆಯುವವರ ಸಂಸ್ಥೆಗೆ
ಜಿನೀವಾದಲ್ಲಿ ಐದನೇ ಮಹಡಿ.
ಹಳೆಯ ಜಾಲತಾಣ ಬಿಚ್ಚಿ ಕಟ್ಟುವ ಕೆಲಸ, ಮಾರ್ಚಿನಿಂದ.
ಹದಿನಾಲ್ಕು ಸಾವಿರ ಪುಟ,
ಅರ್ಧಕ್ಕರ್ಧ ಯಾರೂ ತೆರೆಯದವು.

ಮೊದಲ ಜಗಳ ಬಾವುಟದ್ದು.
ಅರಬ್ಬಿಗೆ ಯಾವ ಬಾವುಟ? ಎಂದಳು ನಿವೀನ್,
ಇಪ್ಪತ್ತೆರಡು ದೇಶ, ಬೆರಳು ಮಡಿಸಿ ಎಣಿಸತೊಡಗಿದಳು;
ಏಳಕ್ಕೇ ಎಲ್ಲರೂ ಸೋತು ಬಾವುಟ ಇಳಿಸಿದರು.
ಎರಡನೆಯದು ಸರದಿಯದು.
ಅಕಾರಾದಿ ಇರಲಿ ಎಂದರು. ಯಾರ ಅಕಾರ?
ಅದಕ್ಕೊಂದು ಉಪಸಮಿತಿ ಆಯಿತು.

ರಷ್ಯನ್ ಮಾತು ಗುಂಡಿಯ ಅಂಚು ಮೀರಿ ಚಾಚಿಕೊಂಡಿತು,
ತೊಟ್ಟಿಲಲ್ಲಿ ಮಲಗಿದ ಮಾವನ ಹಾಗೆ.
ಅರಬ್ಬಿಗಾಗಿ ಇಡೀ ಪುಟ ಮಗ್ಗುಲು ಬದಲಿಸಿತು:
ಬಾಣ ತಿರುಗಿದವು, ಭೂತಗನ್ನಡಿ ತಿರುಗಿತು,
ಯಾರ ಕೈತಪ್ಪೋ, ಭೂಪಟವೂ ತಿರುಗಿ
ಎರಡು ದಿನ ಆಫ್ರಿಕಾದ ಕೊಂಬು
ಪಶ್ಚಿಮದ ಕಡಲಿಗೆ ತಿವಿಯುತ್ತಿತ್ತು.
ನಕ್ಕರು. ಸರಿಪಡಿಸಿದರು.

ಇನ್ನು ಉಳಿದವು.
ಪುಟದ ಬುಡದಲ್ಲೊಂದು ಪೆಟ್ಟಿಗೆ, 'ಇತರೆ':
ಪಷ್ತೊ, ಖ್ಮೇರ್, ಬರ್ಮೀಸ್, ಲಾವೊ.
ಬಾಂಬು ಇರುವುದು ಬಹುಮಟ್ಟಿಗೆ ಇತರೆಯಲ್ಲಿ.

ಲೋಯಿಕ್ ವಿನ್ಯಾಸಗಾರ, ಒಳ್ಳೆಯವ,
ಕೆಟ್ಟ ನೀಲಿ ಕಂಡರೆ ನಿದ್ದೆ ಬಾರದವ.
ಸಾಲಿಗೂ ಸಾಲಿಗೂ ನಡುವೆ ಅವನದು ಒಂದೂಕಾಲು,
ಎಲ್ಲ ಭಾಷೆಗೂ ಒಂದೇ ಅಳತೆ;
ಸಮಾನತೆ ಎಂದರೆ ಅದೇ ಎಂದು ನಂಬಿದ್ದ.

ಮಾಲಿಸ್ ಮಂಗಳವಾರ, ಶುಕ್ರವಾರ ಬರುವ ಅನುವಾದಕಿ.
ಪರದೆಗೆ ಮೂಗು ತಾಗುವಷ್ಟು ಬಾಗಿ
ತನ್ನ ಲಿಪಿಯನ್ನು ನೋಡಿದಳು.
ಅಕ್ಷರದ ಕೆಳಗಿನ ಅಕ್ಷರ ಇರಲಿಲ್ಲ.
ಪೆಟ್ಟಿಗೆಯ ಅಂಚು ಸವರಿಬಿಟ್ಟಿತ್ತು.

ಒತ್ತು ಬರೆದು ಬೆಳೆದ ಕೈಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.
ನಾವು ಪ್ರಯತ್ನ ಎನ್ನುತ್ತೇವಲ್ಲ, ಆ ಮಾತೇ
ಎಂದೋ ಹಡಗು ಹತ್ತಿ ಅವಳ ನಾಡಿಗೂ ಹೋಗಿದೆ.
ಅದೇ ಅಕ್ಷರ, ಅದೇ ಒತ್ತು,
ಅರ್ಥ ಮಾತ್ರ ದಾರಿಯಲ್ಲಿ ಬದಲಾಗಿದೆ:
ಅಲ್ಲಿ ಅದು, ಜೋಕೆ.
ಎಚ್ಚರಿಕೆಯ ಪುಟದ ನೆತ್ತಿಯಲ್ಲಿ, ಕೆಂಪಿನಲ್ಲಿ.
ಲೋಯಿಕ್‌ನ ಪರದೆಯಲ್ಲಿ ಉಳಿದದ್ದು
ಪಯತ.

'ಸಾಲು ದೂರ ಮಾಡು' ಎಂದಳು.
'ಮಾಡಿದರೆ ಪುಟ ಹಲ್ಲು ಬಿದ್ದ ಬಾಯಿ ಆಗುತ್ತೆ.
ಆ ಕೆಳಗಿನವು ಏನು, ಅಲಂಕಾರವೆ?'
'ಕಾಲು' ಎಂದಳು. 'ನಮ್ಮಲ್ಲಿ ಅದರ ಹೆಸರೇ ಕಾಲು.'

ಕಾಫಿ ಯಂತ್ರ ತನ್ನ ಪಾಡಿಗೆ ಹಾಲು ನೊರೆಸುತ್ತಿತ್ತು.
ಚಿಕ್ಕಪ್ಪನ ವಿಷಯ ಅವಳು ಎತ್ತಲಿಲ್ಲ,
ಪೈಲಿನ್ ಕಡೆಯ ಕೆಮ್ಮಣ್ಣು, ತಪ್ಪಿಸಿಕೊಂಡ ಎಮ್ಮೆ,
ಅದರ ಹಿಂದೆ ಓಡಿದ ಹದಿನೇಳರ ಹುಡುಗ.
ಈ ಮಹಡಿಯಲ್ಲಿ ಹೇಳಿದರೆ ಅದು 'ಕಥನ' ಆಗುತ್ತದೆ,
ಮುಖಪುಟಕ್ಕೆ ಫೋಟೋ ಕೇಳುತ್ತಾರೆ.
ಎಮ್ಮೆ ಮಾತ್ರ ಸಂಜೆಗೆ ತಾನೇ ಮನೆಗೆ ಬಂದಿತ್ತು.

ಲೋಯಿಕ್ ಕುರ್ಚಿ ಎಳೆದುಕೊಂಡ.
ಖ್ಮೇರ್‌ಗೆ ಮಾತ್ರ ಎಂದು ಗೊಣಗಿ
ಒಂದೂಕಾಲು ಅಳಿಸಿ
ಎರಡು ಬರೆದ.

ಉದ್ಘಾಟನೆಯ ದಿನ ನಿರ್ದೇಶಕ ಹಾಲ್ವರ್ದ್
ಎಲ್ಲ ಭಾಷೆಗಳೂ ನಮಗೆ ಒಂದೇ ಎಂದ, ಫ್ರೆಂಚಿನಲ್ಲಿ.
ಚಪ್ಪಾಳೆ, ಚೀಸು, ಪುಟ್ಟ ಲೋಟಗಳು.

ಮನೆಗೆ ಹೋಗುವ ಟ್ರಾಮಿನಲ್ಲಿ ಮಾಲಿಸ್
ಫೋನು ತೆರೆದು ಎಚ್ಚರಿಕೆಯ ಪುಟಕ್ಕೆ ಇಳಿದಳು.
ಸಾಲಿನ ಕೆಳಗೆ ಹೆಬ್ಬೆರಳು ಸರಿಸುತ್ತ ಹೋದಳು,
ತಿರುವಿನಲ್ಲಿ ಗಾಡಿ ಓಲಾಡಿತು, ಅಕ್ಷರ ನಿಂತೇ ಇತ್ತು.
ಪಕ್ಕದ ಬರ್ಮೀಸ್ ಒತ್ತಿದಳು, ಸುಮ್ಮನೆ.
ಓದಲು ಬಾರದು.
ಆದರೂ ಕಂಡಿತು, ಸಾಲಿನ ತಳದಲ್ಲಿ
ಏನೋ ಅರ್ಧಕ್ಕೆ ನಿಂತಿರುವುದು.
ಟಿಕೆಟ್ಟಿನ ಹಿಂದೆ ಬರೆದಿಟ್ಟುಕೊಂಡಳು,
ಮಂಗಳವಾರಕ್ಕೆ.