ನೂರರ ಗಂಟೆ

ಎಂಟು ಗುಂಡಿಗಳ ಈ ಹಳೇ ಎಣಿಕೆ ಯಂತ್ರ
ನೂರಾದಾಗ ಒಮ್ಮೆ ಟಿಣ್ ಅನ್ನುತ್ತದೆ.
ವಿರಾಜಪೇಟೆ ಆಸ್ಪತ್ರೆಯ ಲ್ಯಾಬಿನಲ್ಲಿ
ಹತ್ತೊಂಬತ್ತು ವರ್ಷ ಕೇಳಿ ಕೇಳಿ
ನನಗದು ಕೇಳಿಸುವುದೇ ಇಲ್ಲ.

ಪಳಂಗಪ್ಪ ಬಂದದ್ದು ಕಕ್ಕಡ ಎಂಟಕ್ಕೆ.
ವಾಂತಿ ನಿಂತು ಒಂದು ದಿನವಾಗಿತ್ತು,
ಬಸ್‌ಸ್ಟ್ಯಾಂಡಿನ ಮೊಟ್ಟೆ ಇರಬೇಕು ಎಂದ.
ಗಾಜಿನ ಮೇಲೆ ಹನಿ ಎಳೆದೆ,
ಲೀಶ್ಮನ್ ಬಣ್ಣ ಸುರಿದೆ, ತೊಳೆದೆ, ಎಣ್ಣೆ ಬಿಟ್ಟು ಕಣ್ಣಿಟ್ಟೆ.
ಲಿಂಫೋಸೈಟ್ ಗುಂಡಿಯ ಮೇಲೆ ನಡುಬೆರಳು
ಸುಮ್ಮನೆ ಕಾಯಿತು.
ನೂರರಲ್ಲಿ ನಾಲ್ಕು.
ಇನ್ನೊಂದು ಗಾಜು. ನೂರರಲ್ಲಿ ಮೂರು.

ಕೆಲಸ ಏನಪ್ಪಾ ನಿಂದು?
ಪೈಪಿನ ಬೆಸುಗೆಗೆ ಫೋಟೋ ತೆಗೆಯೋದು, ನಬೀಸಕ್ಕಾ.
ಬೆಳಕು ಬೇಡದ ಫೋಟೋ. ಇರಿಡಿಯಂ ಅಂತ ಒಂದು ಕಾಳು,
ಉದ್ದಿನಷ್ಟೇ ದಪ್ಪ.
ಆ ರಾತ್ರಿ ಕಾಳು ಪೆಟ್ಟಿಗೆಗೆ ಮರಳಿರಲಿಲ್ಲ,
ಕಿರುಚಬೇಕಿದ್ದ ಮೀಟರಿಗೆ ಬ್ಯಾಟರಿ ಇರಲಿಲ್ಲ.
ಬಿಸಿ ಇಲ್ಲ, ಉರಿ ಇಲ್ಲ, ವಾಸನೆ ಇಲ್ಲ.
ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದ.

ಮೂಲೆಯ ಕೋಣೆ, ಹೊಸ ಪರದೆ,
ಬಾಗಿಲ ಹೊರಗೆ ಚಪ್ಪಲಿ.
ಹೊರಗೆ ಅಲೆಯುವ ರಕ್ತಕ್ಕೆ ಗೊತ್ತಿರುವುದಿಲ್ಲ
ಮೂಳೆಯೊಳಗೆ ಒಲೆ ಆರಿದೆಯೆಂದು.
ಕೆಂಪಿಗೆ ನಾಲ್ಕು ತಿಂಗಳ ಬುತ್ತಿ ಇದೆ,
ಪ್ಲೇಟ್‌ಲೆಟ್ಟಿಗೆ ಹತ್ತು ದಿನದ್ದು,
ಬಿಳಿಯದಕ್ಕೆ ನಾಳೆಯದೂ ಇಲ್ಲ.

ಕಕ್ಕಡ ಹದಿನೆಂಟು.
ಹದಿನೆಂಟು ಮದ್ದು ಎಲೆಯೊಳಗೆ ಕೂಡುವ ದಿನ.
ದೇಚವ್ವ ಮದ್ದುಸೊಪ್ಪಿನ ಪಾಯಸ ತಂದಳು,
ಕುದಿಸಿದ್ದೇ ತಾನೇ ಎಂದು ನರ್ಸು ಎರಡು ಚಮಚ ಬಿಟ್ಟಳು.
ಅವಳ ಸೌಟಿಗೂ ನನ್ನ ಬೆರಳಿಗೂ
ಒಂದೇ ನೇರಳೆ.
ಮರುದಿನ ಬಿಳಿಯ ಲೆಕ್ಕ ಏರಿತ್ತು!
ದೇಚವ್ವ ನನ್ನ ಕೈ ಹಿಡಿದಳು, ಬಿಡಲಿಲ್ಲ.
ಮೈಸೂರಿನ ಡಾಕ್ಟರು ಫೋನಿನಲ್ಲಿ ಸುಮ್ಮನಾದರು.
ಆಮೇಲೆ: ಇದು ಸುಳ್ಳು ಏರಿಕೆ, ಸಿಸ್ಟರ್,
ಪೆಟ್ಟು ತಿಂದ ಕೆಲವು ಕೋಶ ಕೊನೆಗೊಮ್ಮೆ ಒಡೆದಿವೆ.
ಯಾರಿಗೂ ಹೇಳಬೇಡಿ.
ನಾನು ಹೇಳಲಿಲ್ಲ.
ಹಾಗೆಂದು ನಗುವುದಾದರೂ ಹೇಗೆ?

ಇಳಿಯಿತು.
ಕಣಕಾಲಿನಲ್ಲಿ ಮೆಣಸಿನ ಬೀಜದಷ್ಟು ಕೆಂಪು ಚುಕ್ಕಿ,
ದಿಂಬಿನ ಮೇಲೆ ಒಸಡಿನ ರಕ್ತ.
ಸೊಂಟದ ಮೂಳೆಯಿಂದ ಎಳೆದ ಮಜ್ಜೆಯಲ್ಲಿ
ಕೊಬ್ಬಿನ ಗುಳ್ಳೆ, ಗುಳ್ಳೆ, ಮತ್ತೆ ಗುಳ್ಳೆ.
ನಲ್ಲಿ ಮೂಳೆ ಸಾರು ಕೊಡಲೇ ಎಂದು ದೇಚವ್ವ ಕೇಳಿದಳು,
ಮಜ್ಜೆಗೆ ಮಜ್ಜೆ ಆಗುತ್ತದಲ್ಲ.
ಕೊಡಿ, ಎಂದೆ.

ಗಾಜಿನ ಈ ಅಂಚಿನಿಂದ ಆ ಅಂಚಿಗೆ
ಬಿಳಿಯದೊಂದನ್ನು ಹುಡುಕಿ ಹೋದೆ.
ಕೆಂಪು, ಕೆಂಪು, ಖಾಲಿ ಬಯಲು.
ಐವತ್ತು ಸಿಕ್ಕರೆ ಎರಡರಿಂದ ಗುಣಿಸಿ ಎಂದು
ತರಬೇತಿಯಲ್ಲಿ ಕಲಿಸಿದ್ದರು.
ನನಗೆ ಸಿಕ್ಕಿದ್ದು ಮೂವತ್ತೊಂದು.
ಮೂವತ್ತೊಂದು ಎಂದೇ ಬರೆದೆ.
ಯಂತ್ರ ಮೂಕವಾಗಿತ್ತು. ಆಗ ಕೇಳಿಸಿತು
ಹತ್ತೊಂಬತ್ತು ವರ್ಷದ ಆ ಟಿಣ್.

ಕೈಲ್‌ಮುಹೂರ್ತಕ್ಕೆ ವಾರವಿತ್ತು,
ಊರಲ್ಲಿ ಕೋವಿ ಒರೆಸುತ್ತಿದ್ದರು.
ಗಾಜಿನ ಬಾಲದ ಹತ್ತಿರ ಒಂದು ಮೋನೋಸೈಟ್,
ಬೂದಿ ಬಣ್ಣ, ಮಡಚಿಟ್ಟ ಕಂಬಳಿಯಂಥ ನಡು.
ಅದರಾಚೆ ಇನ್ನೆರಡು.
ಆಮೇಲಿನ ದಿನಗಳಲ್ಲಿ ಹಾಲೆ ಸೀಳದ ಎಳೆಯವು,
ಲಾಳದ ಹಾಗೆ ಬಾಗಿದವು,
ದೊಡ್ಡವರ ಅಂಗಿ ತೊಟ್ಟು ಓಡಿ ಬಂದ ಹಾಗೆ.
ಈ ಸಲ ಡಾಕ್ಟರು ಸುಳ್ಳು ಎನ್ನಲಿಲ್ಲ,
ನಾಳೆಯೂ ಕಳಿಸಿ, ಎಂದರು.

ಲಿಂಫೋಸೈಟ್ ಇನ್ನೂ ಕಡಿಮೆಯೇ.
ಅದಕ್ಕೆ ತಿಂಗಳುಗಳು ಬೇಕಂತೆ, ವರ್ಷವೂ ಆಗಬಹುದಂತೆ.
ಉಳಿದದ್ದು ನನ್ನ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ.

ತೊಂಬತ್ತೆಂಟು, ತೊಂಬತ್ತೊಂಬತ್ತು.
ಟಿಣ್.
ಏನದು ಸದ್ದು, ಎಂದಳು ಕಿಟಕಿಯಾಚೆ ದೇಚವ್ವ.
ಏನಿಲ್ಲ ಎಂದು
ಮುಂದಿನ ಗಾಜು ಎತ್ತಿಕೊಂಡೆ:
ತಿತಿಮತಿಯ ಹುಡುಗಿ, ಹನ್ನೊಂದು ವರ್ಷ, ಬರೀ ಜ್ವರ.