ಕೈ ತೊಳೆಯುವ ಜಾಗ

ಮ್ವಾಂಜಾದ ಆಸ್ಪತ್ರೆಯಲ್ಲಿ ನನ್ನದು ನೆಲಮಾಳಿಗೆ.
ಇರುವ ಒಂದೇ ಕಿಟಕಿಗೆ ಸರೋವರ ಕಾಣುವುದಿಲ್ಲ,
ಬಂಡೆಗಳ ಮೇಲೆ ಒಣಗಹಾಕಿದ ಬೆರಳುದ್ದದ ಮೀನಿನ ವಾಸನೆ
ಹೊತ್ತೇರಿದಂತೆ ಒಳಗೆ ಬಂದು ಕೂರುತ್ತದೆ.
ನಾನು ಶಿಜಾ. ನಮ್ಮ ಸುಕುಮಾ ಜನರಲ್ಲಿ
ಅವಳಿಗಳ ಬೆನ್ನಿಗೆ ಹುಟ್ಟಿದ ಮಗುವಿನ ಹೆಸರು.
ಅವಳಿಗಳಲ್ಲಿ ಮೊದಲನೆಯದು ಕುಲ್ವ, ಎರಡನೆಯದು ಡೋಟೊ.
ಯೋಚಿಸಬೇಕಾಗಿಲ್ಲ, ಹೆಸರು ಮೊದಲೇ ಸಿದ್ಧ.

ಮಂಗಳವಾರ ಮೇಲಿನಿಂದ ಬಂದದ್ದು ಕುಲ್ವನ ರಕ್ತ.
ಒಂಬತ್ತು ದಿನದ ಕೂಸು, ಚಮಚದ ತಳಕ್ಕೂ ಸಾಲದಷ್ಟು,
ಬಾಟಲಿಯ ಮೇಲೆ ದಾದಿ ಮ್ಬುಕೆಯ ಗುಂಡು ಅಕ್ಷರ.
ಜ್ವರ ಹೊರಗಿನಿಂದ ಬಂತು ಎನ್ನೋಣವೆಂದರೆ
ಆ ಕೂಸಿಗೆ ಹೊರಗು ಎಂಬುದೇ ಇರಲಿಲ್ಲ.

ಬುಧವಾರ ತಟ್ಟೆಯ ತುಂಬ ಗುಲಾಬಿ ಹನಿಗಳು.
ತಂತಿಯ ತುದಿಯಿಂದ ಮುಟ್ಟಿ ಎತ್ತಿದರೆ
ಒಂದೆಳೆ ಪಾಕದ ಹಾಗೆ ಮೇಲಕ್ಕೆ ಬಂತು.
ಕ್ಲೆಬ್ಸಿಯೆಲ್ಲಾ. ಹೆಸರು ಹಿಡಿಯುವುದು ಸುಲಭ,
ಅದರ ಬುದ್ಧಿ ಹಿಡಿಯಬೇಕಲ್ಲ.

ಔಷಧಿ ತೋಯಿಸಿದ ಆರು ಕಾಗದದ ಬಿಲ್ಲೆ ಇಟ್ಟೆ.
ಔಷಧಿ ಗೆದ್ದಲ್ಲಿ ಸುತ್ತ ಬಯಲಾಗಬೇಕು.
ಗುರುವಾರ ನೋಡಿದರೆ ಬಿಲ್ಲೆಯ ಅಂಚಿನವರೆಗೂ ಬೆಳೆ.
ಜೆಂಟಮೈಸಿನ್, ಸೆಫ್‌ಟ್ರಯಾಕ್ಸೋನ್,
ಬೀಗದ ಬೀರುವಿನಿಂದ ಎಣಿಸಿ ಕೊಡುವ ಮೆರೊಪೆನೆಮ್ ಕೂಡ.
ಅಮಿಕಾಸಿನ್ ಸುತ್ತ ಮಾತ್ರ ಉಗುರಿನಷ್ಟು ಬಯಲು.
ಫೋನೆತ್ತಿ ಹೇಳಿದೆ. ಆ ಕಡೆ ಮ್ಬುಕೆ,
"ಡೋಟೊಗೆ ಶುರು ಮಾಡುತ್ತೇವೆ" ಎಂದಳು.
ಡೋಟೊಗೆ, ಎಂದಳು.
ನಾನು ಮತ್ತೆ ಕೇಳಲಿಲ್ಲ.

ಅಮ್ಮ ಸೋರೆಬುರುಡೆಯಲ್ಲಿ ಹಾಲು ಹುಳಿಯಿಡುತ್ತಿದ್ದಳು.
ಹೆಪ್ಪು ಕೇಳಿ ಬಂದವರನ್ನು ಬರಿಗೈಲಿ ಕಳಿಸಿದ್ದಿಲ್ಲ.
ಇವೂ ಹಾಗೆಯೇ. ಮೈಗೆ ಮೈ ತಾಗಿಸಿ
ಉಂಗುರದಂಥ ಸುರುಳಿಯೊಂದರ ನಕಲು ದಾಟಿಸುತ್ತವೆ,
ಕುಲ ಕೇಳುವುದಿಲ್ಲ, ಸಾಲ ಬರೆದಿಡುವುದಿಲ್ಲ.
ಉಂಗುರದಲ್ಲೊಂದು ಜೀನ್, ಮೆರೊಪೆನೆಮನ್ನು ಕತ್ತರಿಸುವ ವಿದ್ಯೆ.
ಅದರ ಹೆಸರಿನಲ್ಲಿ ದೆಹಲಿ ಇದೆ.
ದೆಹಲಿಯನ್ನು ನಾನು ಕಂಡಿಲ್ಲ, ಅದಕ್ಕೆ ನನ್ನ ಊರು ಗೊತ್ತು.
"ಊರ ಹೆಸರು ಇಡಬಾರದಿತ್ತು" ಎನ್ನುತ್ತಾರೆ ಡಾಕ್ಟರ್ ಲುಹೆಂಡೆ,
"ಈಗದು ಎಲ್ಲ ಊರಿನದೂ."

ಇಪ್ಪತ್ತಮೂರು ಕಡೆ ಹತ್ತಿಕಡ್ಡಿ ಒತ್ತಿ ತಂದೆ:
ಇನ್‌ಕ್ಯುಬೇಟರಿನ ಬಾಗಿಲು, ತಕ್ಕಡಿ, ಹಾಲಿನ ನಳಿಕೆ,
ಡಾಕ್ಟರ ಪೆನ್ನು (ಸಿಟ್ಟಾದರು), ದಾದಿಯರ ಕೈ.
ಮ್ಬುಕೆ ಅಂಗೈ ಚಾಚಿದಾಗ ಬೆರಳ ಸಂದು ಬಿರಿದಿತ್ತು,
ಅಷ್ಟು ತೊಳೆಯುತ್ತಾಳೆ.
"ನನ್ನದಾಗಿದ್ದರೆ ಮೊದಲು ನನಗೆ ಹೇಳು."

ಎರಡು ಸಲ ಕರೆಂಟು ಹೋಗಿ ಮೂರನೆಯ ಸಲ ಜೆಲ್ ಓಡಿತು.
ನೇರಳೆ ಬೆಳಕಿನಡಿ ಸಾಲುಸಾಲು ಗೆರೆ.
ಕುಲ್ವನದು ಏಳನೆಯ ಸಾಲು.
ಅದರ ಪಡಿಯಚ್ಚು ಹತ್ತೊಂಬತ್ತರಲ್ಲಿ,
ಅದೇ ಎತ್ತರ, ಅದೇ ದಪ್ಪ, ತುದಿಯ ಮಸುಕೂ ಅದೇ,
ಅವಳಿ.
ಪಟ್ಟಿಯಲ್ಲಿ ಬೆರಳಾಡಿಸಿದೆ. ಹತ್ತೊಂಬತ್ತು:
ಕೈ ತೊಳೆಯುವ ಬೇಸಿನ್, ನೀರಿಳಿಯುವ ತೂತು.

ಸೋಪು ತಲುಪದ ಕೊಳವೆಯ ಬಾಗಿನಲ್ಲಿ
ಲೋಳೆ ಕಟ್ಟಿ ಕೂತಿತ್ತು. ನಲ್ಲಿ ತಿರುಗಿಸಿದಾಗಲೆಲ್ಲ
ಕಾಣದ ತುಂತುರಾಗಿ ಮೊಣಕೈವರೆಗೂ ಹತ್ತುತ್ತಿತ್ತು.
ಹೆಚ್ಚು ತೊಳೆದವಳಿಗೆ ಹೆಚ್ಚು.
ಬೇಸಿನ್ ಬದಲಿಸಲು ಹಣವಿಲ್ಲವೆಂದು ಮೇಲಿನವರು
ಹೋದ ವರ್ಷವೇ ಕೈ ತೊಳೆದುಕೊಂಡಿದ್ದರು.

ಮ್ಬುಕೆ ಮೆಟ್ಟಿಲ ಬಳಿ ಕಾದಿದ್ದಳು. "ನನ್ನ ಕೈಯಾ?"
"ಬೇಸಿನ್" ಎಂದೆ.
ಸುಳ್ಳಲ್ಲ. ಪೂರ್ತಿಯೂ ಅಲ್ಲ.
ಹನ್ನೊಂದನೆಯ ಸಾಲಿನಲ್ಲಿ, ಅವಳದರಲ್ಲಿ,
ತೆಳ್ಳಗೆ ಅದೇ ಗೆರೆಗಳಿದ್ದವು.

ಶನಿವಾರ ಮಸಾಂಜ ಗರಗಸ ತಂದು ಕೊಳವೆ ಕೊಯ್ದ.
ಕಪ್ಪು ಜಿಡ್ಡು ಬಕೆಟ್ಟಿಗೆ ಬಿದ್ದಾಗ
ಸದ್ದೇ ಆಗಲಿಲ್ಲ.
ಎರಡು ಕಿಲೋಗೆ ಐವತ್ತು ಗ್ರಾಂ ಕಡಿಮೆ ಇದ್ದಾಗ
ಡೋಟೊ ಮನೆಗೆ ಹೋದ. ಇಬ್ಬರಿಗೆಂದು ತಂದ ಕಿಟೆಂಗೆಯನ್ನು
ತಾಯಿ ಎರಡು ಸುತ್ತು ಸುತ್ತಿ ಬೆನ್ನಿಗೆ ಬಿಗಿದಳು.
ಡೋಟೊ ಎಂದರೆ ಎರಡನೆಯವನು.
ಹಾಜರಿ ಕರೆಯುವ ಯಾವನೋ ಮೇಷ್ಟರು ಮುಂದೊಮ್ಮೆ
ಕೇಳಿಯೇ ಕೇಳುತ್ತಾನೆ, ಮೊದಲನೆಯವನೆಲ್ಲಿ?

ಇವತ್ತು ಹೊಸ ಬಾಟಲಿ ಬಂದಿದೆ, ಅದೇ ಗುಂಡು ಅಕ್ಷರ.
ಮುಟ್ಟುವ ಮುಂಚೆ ಕೈ ತೊಳೆಯಬೇಕು.
ನಲ್ಲಿ ತಿರುಗಿಸಿ
ಒಂದು ಹೆಜ್ಜೆ ಹಿಂದೆ ನಿಂತೆ.