ಎಂಬತ್ತಕ್ಕೊಂದು

ಕಿವಿಹಾಲೆಗೆ ಸೂಜಿ ತಾಗಿಸಿದರೆ
ಮೋಕ್ ಸೊಯ್‌ಗಾನ್ ನಗುತ್ತಾನೆ.
ನಲವತ್ತೇಳು ವರ್ಷ, ದೋಣಿಯಲ್ಲೇ ಹುಟ್ಟಿದವನು.
ಮೂಗು ಸರಿ, ಕಿವಿ ಸರಿ, ಕೊರಳಲ್ಲಿ ಗಂಟಿಲ್ಲ,
ನೆಲದ ಮೇಲೆ ನಿಂತರೆ ಮಾತ್ರ ಸ್ವಲ್ಪ ತೂಗಾಟ.

ನಾನು ಔ ಯಿಮ್‌ಹಿಂಗ್,
ವೂಚೌ ಕೆಳದಂಡೆಯ ಆರೋಗ್ಯ ಕೇಂದ್ರದ ಹಿಂಬದಿ ಕೋಣೆಯವಳು.
ರಕ್ತ ನೋಡುತ್ತೇನೆ, ಮುಖ ನೋಡುವುದು ಕಡಿಮೆ.

ವೈರಾಣು ಇವನೊಳಗೆ ಹಾಲುಹಲ್ಲಿನ ಕಾಲಕ್ಕೇ ಬಂದದ್ದು,
ಬಹುಶಃ ಅಮ್ಮ ಅಗಿದು ಕೊಟ್ಟ ಅನ್ನದ ತುತ್ತಿನಲ್ಲಿ.
ಎಲ್ಲರಲ್ಲೂ ಇದೆ, ನನ್ನಲ್ಲೂ.
ಬಾಡಿಗೆ ಕೊಡದೆ, ಸದ್ದು ಮಾಡದೆ
ಕೋಶವೊಂದರ ಮೂಲೆಯಲ್ಲಿ ಮುದುಡಿ ಮಲಗಿರುತ್ತದೆ.
ಮಲಗಿದ ಕಳ್ಳನನ್ನು ಯಾರು ಹಿಡಿದಾರು?

ಎದ್ದಾಗ ಬೇಕಲ್ಲ ಅದಕ್ಕೆ ಹತಾರ:
ಎಳೆ ಹೊಸೆಯುವ ಕಿಣ್ವ, ಎಳೆ ಕತ್ತರಿಸುವ ಕಿಣ್ವ,
ನಮ್ಮದೇ ಕುಲುಮೆಯಲ್ಲಿ
ತನ್ನ ಅಚ್ಚಿಗೆ ಬಡಿದುಕೊಂಡ ಕನ್ನಗತ್ತಿ.
ಮನೆಯವರು ಮುಖ ಕಾಣಲಿಲ್ಲ,
ಕತ್ತಿಯ ಸಪ್ಪಳಕ್ಕೆ ಎದ್ದು ಕೂಗಿಕೊಂಡರು.
ಆ ಕೂಗೇ ಪ್ರತಿಕಾಯ.

ನಾನು ಕೂಗಿಗೆ ನೀರು ಬೆರೆಸಿ ಅಳೆಯುತ್ತೇನೆ.
ಹತ್ತಕ್ಕೊಂದು. ಕೇಳುತ್ತಿದೆ.
ಇಪ್ಪತ್ತಕ್ಕೊಂದು.
ನಲವತ್ತಕ್ಕೊಂದು. ಹೆಚ್ಚಿನವರದು ಇಷ್ಟರೊಳಗೆ ಅಡಗಿರುತ್ತದೆ.
ಎಂಬತ್ತಕ್ಕೊಂದು,
ಗುಳಿಯಲ್ಲಿ ಇನ್ನೂ ಕಂದು.
ಹೆಸರಿನ ಮುಂದೆ ಕೆಂಪು ಮಸಿ.

"ಇವರ ಮೈಯೇ ಕಟ್ಟಿದ ಕಾವಲಲ್ಲವೇ?" ಎಂದಳು ಹೆಂಡತಿ,
"ಕಾವಲು ಹೆಚ್ಚಾದರೆ ಕೆಂಪು ಯಾಕೆ?"
ತರಬೇತಿಯಲ್ಲಿ ಕಲಿತ ಉತ್ತರವಿತ್ತು, ಒಪ್ಪಿಸಿದೆ,
ಜೊತೆಗೊಂದು ಕಳ್ಳನ ಕಥೆ.
ಅವಳು ತಲೆಯಾಡಿಸಿದ ರೀತಿ
ನಾನು ಬಾಯೇ ತೆರೆದಿಲ್ಲವೆಂಬಂತಿತ್ತು.

ಹೋಗುವಾಗ ಮೇಜಿನ ಮೇಲೆ ಉಪ್ಪುಮೀನಿನ ಪೊಟ್ಟಣ.
ಅದನ್ನೇ ತಿನ್ನಬೇಡಿ ಅನ್ನುವ ಚಿತ್ರಪಟ
ನನ್ನ ಬೆನ್ನ ಹಿಂದೆಯೇ ತೂಗುತ್ತಿತ್ತು.
ಇಬ್ಬರಿಗೂ ಓದು ಬಾರದು.
ನನಗೆ ಬರುತ್ತದೆ.
ರಾತ್ರಿ ಅನ್ನದ ಮೇಲಿಟ್ಟು ಬೇಯಿಸಿ ತಿಂದೆ,
ಚೆನ್ನಾಗಿತ್ತು.

ಆರು ತಿಂಗಳು, ಮತ್ತೆ ಆರು ತಿಂಗಳು.
ಮೂರನೆಯ ಸಲ ಮೂಗಿನ ಹಿಂಗೋಡೆಯಲ್ಲಿ
ಹೆಸರುಕಾಳಿನಷ್ಟು ಉಬ್ಬು.
ಕ್ಯಾಂಟನ್‌ನಲ್ಲಿ ಏಳು ವಾರ ಕಿರಣ.

ಬಂದ. ಬದುಕಿ ಬಂದ.
ಬಾಯಲ್ಲಿ ಜೊಲ್ಲು ಬತ್ತಿದೆ,
ನಾಲಿಗೆಗೆ ಉಪ್ಪು ತಿಳಿಯದು,
ಗಂಜಿಗೂ ಒಂದೊಂದು ಗುಟುಕು ನೀರು ಬೇಕು.
ಕಿವಿಹಾಲೆ ಒಡ್ಡಿದ. ಅದೇ ನಗು, ಒಂದು ಬದಿ ಬಿಗಿ.

ಹತ್ತಕ್ಕೊಂದು, ಇಪ್ಪತ್ತಕ್ಕೊಂದು, ನಲವತ್ತಕ್ಕೊಂದು,
ಎಂಬತ್ತಕ್ಕೂ
ಕಂದು.

"ಕಳ್ಳ ಹೋದನಂತಲ್ಲ" ಅಂದ,
"ಇವರಿನ್ನೂ ಯಾರನ್ನು ನೋಡಿ ಕೂಗುತ್ತಿದ್ದಾರೆ?"

ಮೇಜಿನ ಮೇಲೆ ಎರಡು ಪೆನ್ನು.
ಹೊರಗೆ ನದಿಯಲ್ಲಿ ಮರಳಿನ ದೋಣಿ ಹೋಯಿತು,
ಅದರ ಅಲೆ ದಡ ತಾಕುವ ತನಕ
ಅವನು ಕಾಯುತ್ತ ನಿಂತಿದ್ದ,
ನೆಲದ ಮೇಲೆ, ಸ್ವಲ್ಪ ತೂಗುತ್ತ.